ಬಿಚ್ಚಿದವರೊಬ್ಬರು, ಜೋಡಿಸುವವರಿನ್ನೊಬ್ಬರು

ಹಳೆಯ ಸ್ಪೋರ್ಟ್ಸ್ ಕಾರುಗಳ ಮಾರಾಟದ ಜಾಹೀರಾತುಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ಮುಕ್ಕಾಲು ಪಾಲು ಕೆಲಸ ಆಗಿದೆ, ಜೋಡಿಸುವುದಷ್ಟೇ ಬಾಕಿ. ಹೋಗಿ ನೋಡಿದರೆ ಬಾಡಿಯ ಮೇಲೆ ಹೊಸ ಬಣ್ಣ ಹೊಳೆಯುತ್ತಿರುತ್ತದೆ. ಇಂಜಿನ್ ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲಿನ ಕೆಳಗಿರುತ್ತದೆ. ಬಾಗಿಲುಗಳು ಗೋಡೆಗೆ ಒರಗಿ ನಿಂತಿರುತ್ತವೆ. ಮಿಕ್ಕಿದ್ದೆಲ್ಲ ರಟ್ಟಿನ ಡಬ್ಬಗಳಲ್ಲಿ. ಮಾರುವವರು ಸುಳ್ಳು ಹೇಳುತ್ತಿರುವುದಿಲ್ಲ; ಸಾಮಾನೆಲ್ಲ ಇದೆ ಎಂದು ಅವರು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ. ಆದರೆ ಯಾವ ಡಬ್ಬದಲ್ಲೂ ಸಿಗದ ಸಾಮಾನೊಂದಿದೆ. ಅದು ಬಿಚ್ಚಿದವರ ನೆನಪು. ಈ ಬೋಲ್ಟು ಎಲ್ಲಿಂದ ಬಂತು, ಈ ವಾಶರ್ ಒಳಗಿತ್ತೋ ಹೊರಗಿತ್ತೋ, ಈ ಬ್ರ್ಯಾಕೆಟ್ ಎಡಗಡೆಯದೋ ಬಲಗಡೆಯದೋ ಎಂಬುದು ಅವರ ತಲೆಯಲ್ಲಿತ್ತು. ಕಾರು ಕೈ ಬದಲಾಯಿಸಿದಾಗ ಅದು ಜೊತೆಗೆ ಬರಲಿಲ್ಲ.

ಹಾಗಾಗಿ ಇನ್ನೊಬ್ಬರು ಆರಂಭಿಸಿದ ರೆಸ್ಟೊರೇಶನ್ ಮುಗಿಸಹೊರಟವರು ಮೊದಲು ಮಾಡಬೇಕಾದದ್ದು ಆ ನೆನಪನ್ನು ಮತ್ತೆ ಕಟ್ಟುವುದು. ಸ್ಪ್ಯಾನರ್ ಹಿಡಿಯುವುದು ಆಮೇಲೆ. ಮುಗಿಸುವುದೂ ಒಂದು ಪ್ರತ್ಯೇಕ ವಿದ್ಯೆ; ಆರಂಭಿಸುವವರಿಗೆ ಸಿಗುವ ಹೊಗಳಿಕೆ ಮುಗಿಸುವವರಿಗೂ ಸಲ್ಲಬೇಕು ಎಂಬುದು ಈ ಲೇಖನದ ವಾದ.

ಅಬಿಂಗ್‌ಡನ್ನಿನ ಕಾರು

ಈ ವಿದ್ಯೆಯನ್ನು ಅರಿಯಲು ಎಂಜಿಬಿಗಿಂತ ಒಳ್ಳೆಯ ಪಾಠವಿಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿಯ ಅಬಿಂಗ್‌ಡನ್ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಈ ಕಾರು ತಯಾರಾಯಿತು. ಸಿಡ್ ಎನೆವರ್ ಅವರ ಮುಂದಾಳ್ತನದಲ್ಲಿ ರೂಪುಗೊಂಡ ಎರಡು ಸೀಟಿನ ತೆರೆದ ಕಾರು ಅದು. 1965ರಲ್ಲಿ ಮೇಲ್ಛಾವಣಿಯ ಜಿಟಿ ಮಾದರಿಯೂ ಬಂತು. ಎರಡೂ ಸೇರಿ ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಹೆಚ್ಚಿನವು ಹೋದದ್ದು ಅಮೆರಿಕಕ್ಕೆ. 1798 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್, ಜೋಡಿ ಎಸ್‌ಯು ಕಾರ್ಬೊರೇಟರ್, ಹಿಂದೆ ಎಲೆ ಸ್ಪ್ರಿಂಗ್, ಮುಂದೆ ಲಿವರ್ ಡ್ಯಾಂಪರ್: ಅರ್ಥವಾಗದ ಭಾಗ ಅದರಲ್ಲಿ ಒಂದೂ ಇಲ್ಲ.

ಅರ್ಧಕ್ಕೆ ನಿಂತ ಎಂಜಿಬಿಗಳು ಅಷ್ಟೊಂದು ಸಿಗುವುದಕ್ಕೆ ಕಾರಣವೂ ಇದೇ. ಸರಳವಾಗಿ ಕಾಣುವುದರಿಂದ ಜನ ಧೈರ್ಯವಾಗಿ ಬಿಚ್ಚುತ್ತಾರೆ. ಬಿಡಿಭಾಗಗಳೆಲ್ಲ ಹೊಸದಾಗಿ ಸಿಗುವುದರಿಂದ ಯಾವಾಗ ಬೇಕಾದರೂ ಮುಗಿಸಬಹುದು ಎಂದುಕೊಳ್ಳುತ್ತಾರೆ. ಇಡೀ ಬಾಡಿಯೇ ಬೇಕೆಂದರೂ ದೊರೆಯುತ್ತದೆ: ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ ಹಳೆಯ ಅಚ್ಚುಗಳನ್ನೇ ಬಳಸಿ 1988ರಿಂದ ಹೊಸ ಬಾಡಿಗಳನ್ನು ತಯಾರಿಸುತ್ತಿದೆ.

ಆದರೂ ಕೆಲಸ ನಿಲ್ಲುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ. ಬಿಚ್ಚುವಾಗ ದಿನದಿನವೂ ಪ್ರಗತಿ ಕಾಣುತ್ತದೆ. ಒಂದು ರಜೆಯಲ್ಲಿ ಕಾರು ಖಾಲಿ ಚಿಪ್ಪಾಗಿಬಿಡುತ್ತದೆ. ಆಗ ತುಕ್ಕು ತನ್ನ ನಿಜವಾದ ವ್ಯಾಪ್ತಿಯನ್ನು ತೋರಿಸುತ್ತದೆ. ವೆಲ್ಡಿಂಗಿನ ತಿಂಗಳುಗಳು ಹಣ ನುಂಗುತ್ತವೆ, ಕಣ್ಣಿಗೆ ಮಾತ್ರ ಏನೂ ಬದಲಾದಂತೆ ಕಾಣುವುದಿಲ್ಲ. ಬೇಸತ್ತವರು ಸೋತೆವೆಂದು ಒಪ್ಪಿಕೊಳ್ಳುವ ಬದಲು ಬಣ್ಣ ಹೊಡೆಸುತ್ತಾರೆ, ಏಕೆಂದರೆ ಬಣ್ಣ ಎದ್ದು ಕಾಣುವ ಪ್ರಗತಿ. ಅಲ್ಲಿಗೆ ಕೈ ಬರಿದಾಗಿರುತ್ತದೆ. ಇಲ್ಲವೇ ಮನೆ ಬದಲಾಗುತ್ತದೆ, ಮಗು ಹುಟ್ಟುತ್ತದೆ, ಕಾಯಿಲೆ ಬರುತ್ತದೆ, ಸಾವು ಬರುತ್ತದೆ. ಹಿಂದಿನವರನ್ನು ಹಗುರವಾಗಿ ಕಾಣುವ ಹಕ್ಕು ಮುಂದಿನವರಿಗಿಲ್ಲ. ಅವರು ನಿಲ್ಲಿಸಿದ ಜಾಗ ಎಲ್ಲರಿಗೂ ಕಷ್ಟದ ಜಾಗವೇ.

ಮೊದಲು ಕಾಗದ, ಆಮೇಲೆ ಕಬ್ಬಿಣ

ಬೇರೆಯವರ ಕಾರು ತಂದವರು ಮೊದಲು ಓದಬೇಕಾದದ್ದು ನಂಬರುಗಳನ್ನು. ಎಂಜಿಬಿಯ ಚಾಸಿ ಸಂಖ್ಯೆಯ ಮುಂದಿನ ಅಕ್ಷರಗಳೇ ಕಾರಿನ ಜಾತಕ ಹೇಳುತ್ತವೆ. ಜಿಎಚ್‌ಎನ್3 ಎಂದಿದ್ದರೆ ಮೊದಲ ಸರಣಿಯ ತೆರೆದ ಕಾರು, ಜಿಎಚ್‌ಡಿ3 ಎಂದಿದ್ದರೆ ಅದೇ ಸರಣಿಯ ಜಿಟಿ, ಜಿಎಚ್‌ಎನ್4 ಎಂದರೆ 1967ರ ನಂತರ ಬಂದ ಎರಡನೆಯ ಸರಣಿ. ಈ ಸಂಖ್ಯೆಯನ್ನು ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂನ ದಾಖಲೆ ವಿಭಾಗಕ್ಕೆ ಕಳಿಸಿದರೆ ಕಾರ್ಖಾನೆಯ ಕಡತ ನೋಡಿ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತಾರೆ. ಕಾರು ಎಂದು ತಯಾರಾಯಿತು, ಯಾವ ಬಣ್ಣದ್ದಾಗಿತ್ತು, ಯಾವ ಇಂಜಿನ್ ಸಂಖ್ಯೆ ಹೊತ್ತಿತ್ತು, ಯಾವ ದೇಶಕ್ಕೆ ಹೋಯಿತು ಎಂಬುದೆಲ್ಲ ಅದರಲ್ಲಿರುತ್ತದೆ.

ಇದು ಬರಿಯ ಕುತೂಹಲದ ಸಂಗತಿ ಎಂದುಕೊಳ್ಳಬಾರದು. ಹದಿನೆಂಟು ವರ್ಷಗಳಲ್ಲಿ ಎಂಜಿಬಿ ಒಳಗೊಳಗೇ ಬಹಳ ಬದಲಾಯಿತು. 1964ರವರೆಗಿನ ಇಂಜಿನ್ನಿನ ಕ್ರ್ಯಾಂಕ್‌ಶಾಫ್ಟನ್ನು ಮೂರು ಬೇರಿಂಗುಗಳು ಹೊತ್ತಿದ್ದವು, ನಂತರ ಐದು. 1967ರವರೆಗೆ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಅರ್ಥ್ ಆಗಿತ್ತು, ಜೊತೆಗೆ ಡೈನಮೊ. ನಂತರ ನೆಗೆಟಿವ್ ಅರ್ಥ್ ಮತ್ತು ಆಲ್ಟರ್ನೇಟರ್ ಬಂದವು. ಅದೇ ಹೊತ್ತಿಗೆ ಗೇರ್‌ಬಾಕ್ಸ್ ದೊಡ್ಡದಾಯಿತು, ಅದಕ್ಕಾಗಿ ನೆಲದ ಮಧ್ಯದ ಸುರಂಗವನ್ನು ಅಗಲಗೊಳಿಸಲಾಯಿತು. 1974ರ ಕೊನೆಯಲ್ಲಿ ಅಮೆರಿಕದ ನಿಯಮಗಳಿಗಾಗಿ ಕಪ್ಪು ರಬ್ಬರ್ ಬಂಪರ್ ಬಂತು, ಕಾರಿನ ಎತ್ತರವೂ ಹೆಚ್ಚಿತು. ಬೇರೆ ಬೇರೆ ಕಾರುಗಳಿಂದ ಸಾಮಾನು ಕೂಡಿಸಿಟ್ಟ ಡಬ್ಬಗಳಲ್ಲಿ ಇವೆಲ್ಲ ಬೆರೆತಿರುತ್ತವೆ. ಹೊಸ ಸರಣಿಯ ಗೇರ್‌ಬಾಕ್ಸನ್ನು ಹಳೆಯ ಬಾಡಿಯ ಸುರಂಗಕ್ಕೆ ತೂರಿಸಲು ಹೆಣಗುವವರು ಕೈಚಳಕವಿಲ್ಲದವರೇನೂ ಅಲ್ಲ. ಅವರಿಗೆ ಇಲ್ಲದಿರುವುದು ಆ ಕಾರಿನ ವರ್ಷದ ಅರಿವು.

ಹೊಳೆಯುವ ಬಣ್ಣದ ಕೆಳಗೆ

ಎಂಜಿಬಿಗೆ ಪ್ರತ್ಯೇಕ ಚಾಸಿ ಇಲ್ಲ. ಬಾಡಿಯೇ ಅದರ ಎಲುಬುಗೂಡು. ತೆರೆದ ಮಾದರಿಯಲ್ಲಿ ಮೇಲ್ಛಾವಣಿ ಇಲ್ಲದ್ದರಿಂದ ಭಾರ ಹೊರುವ ಮುಖ್ಯ ಹೊಣೆ ಬಾಗಿಲ ಕೆಳಗೆ ಉದ್ದಕ್ಕೂ ಸಾಗುವ ಸಿಲ್‌ಗಳದ್ದು. ಹೊರಗಿನ ತಗಡು, ಒಳಗಿನ ತಗಡು, ನಡುವೆ ನೆಟ್ಟಗೆ ನಿಂತ ಇನ್ನೊಂದು ತಗಡು, ಕೆಳಗೆ ಕ್ಯಾಸಲ್ ರೈಲ್ ಎನ್ನುವ ಪಟ್ಟಿ: ಇಷ್ಟೂ ಸೇರಿ ಪೆಟ್ಟಿಗೆಯಂತಾಗಿ ಕಾರನ್ನು ಬಾಗದಂತೆ ಹಿಡಿಯುತ್ತವೆ. ನೀರು ನಿಂತು ತುಕ್ಕು ಹಿಡಿಯುವುದೂ ಇಲ್ಲಿಯೇ.

ಈ ಸಿಲ್‌ಗಳನ್ನು ಬದಲಿಸುವಾಗ ಬಾಗಿಲ ಕಿಂಡಿಗೆ ಅಡ್ಡ ಸರಳು ಬಿಗಿಯದೆ ಕತ್ತರಿಸಿದರೆ ಕಾರು ನಡುವಿನಲ್ಲಿ ಕುಸಿಯುತ್ತದೆ. ಕುಸಿದ ಸ್ಥಿತಿಯಲ್ಲೇ ಹೊಸ ಸಿಲ್ ವೆಲ್ಡ್ ಮಾಡಿದರೆ ಆ ಬಾಗು ಶಾಶ್ವತ. ಆಮೇಲೆ ಎಷ್ಟು ಚೆಂದದ ಬಣ್ಣ ಹೊಡೆದರೂ ಬಾಗಿಲು ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಬೇರೆಯವರ ಕೆಲಸವನ್ನು ಪರೀಕ್ಷಿಸುವ ಮೊದಲ ವಿಧಾನ ತೀರ ಸರಳ: ಗೋಡೆಗೆ ಒರಗಿಸಿಟ್ಟ ಬಾಗಿಲನ್ನು ತಂದು ಕೀಲಿಗೆ ಹಾಕಿ ನೋಡುವುದು. ಬಾಗಿಲಿನ ಹಿಂದಿನ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿದ್ದರೆ ಹಿಂದಿನವರು ಬಲ್ಲವರು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರು ಕುಸಿದಿದೆ.

ಎರಡನೆಯ ಪರೀಕ್ಷೆ ಅಯಸ್ಕಾಂತದ್ದು. ಪುಟ್ಟಿ ದಪ್ಪಗೆ ಮೆತ್ತಿದ ಕಡೆ ಅದು ಅಂಟುವುದಿಲ್ಲ. ಮೂರನೆಯದು ಕಾರಿನ ಕೆಳಗೆ ಮಲಗಿ ನೋಡುವುದು. ಹೊರಗಿನ ಸಿಲ್ಲು ಮುಂದಿನ ಮಡ್‌ಗಾರ್ಡಿನ ಹಿಂಬದಿಗೂ ಚಾಚಿಕೊಂಡಿರುತ್ತದೆ. ಅದನ್ನು ಸರಿಯಾಗಿ ಬದಲಿಸಬೇಕೆಂದರೆ ಮಡ್‌ಗಾರ್ಡ್ ತೆಗೆಯಬೇಕು, ಇಲ್ಲವೇ ಅದರ ಕೆಳತುದಿ ಕತ್ತರಿಸಬೇಕು. ಅವಸರದವರು ಕೊಳೆತ ಸಿಲ್ಲಿನ ಮೇಲೆಯೇ ತೆಳು ಹೊದಿಕೆ ವೆಲ್ಡ್ ಮಾಡಿ ಮುಗಿಸಿಬಿಡುತ್ತಾರೆ. ಹೊರಗೆ ನೋಡಿದರೆ ಎರಡೂ ಒಂದೇ.

ಮುಗಿಸುವವರ ಅತಿ ಕಷ್ಟದ ತೀರ್ಮಾನ ಬರುವುದು ಇಲ್ಲಿ. ಹೊಸ ಬಣ್ಣದ ಕೆಳಗಿನ ವೆಲ್ಡಿಂಗ್ ಕೆಟ್ಟದಾಗಿದ್ದರೆ ಆ ಬಣ್ಣದ ಮೇಲೆ ಕಟ್ಟರ್ ಇಡುವ ಎದೆಗಾರಿಕೆ ಬೇಕು. ಇನ್ನೊಬ್ಬರ ದುಡ್ಡು, ಇನ್ನೊಬ್ಬರ ವರ್ಷಗಳು ಅಲ್ಲಿ ಹೊಳೆಯುತ್ತಿರುತ್ತವೆ. ಆದರೆ ಆ ಸಿಲ್ಲಿನ ಪಕ್ಕದಲ್ಲಿ ಕೂರುವುದು ಬದುಕಿರುವ ಮನುಷ್ಯರು. ರುಚಿಯ ವಿಷಯದಲ್ಲಿ ಹಿಂದಿನವರ ಮಾತು ನಡೆಯಲಿ. ಸುರಕ್ಷತೆಯ ವಿಷಯದಲ್ಲಿ ಯಾರ ಮಾತೂ ಸಾಕಾಗದು, ಅಳತೆಯೇ ಬೇಕು.

ಡಬ್ಬಗಳ ಲೆಕ್ಕ

ಡಬ್ಬಗಳನ್ನು ಒಂದೊಂದಾಗಿ ತೆರೆದು ಸಿಕ್ಕಿದ್ದನ್ನು ಕಾರಿಗೆ ಸಿಕ್ಕಿಸುತ್ತ ಹೋದರೆ ಕೆಲಸ ಮತ್ತೊಮ್ಮೆ ನಿಲ್ಲುತ್ತದೆ. ಎಲ್ಲವನ್ನೂ ಒಟ್ಟಿಗೆ ನೆಲಕ್ಕೆ ಸುರಿದು, ಕಾರ್ಖಾನೆಯ ಬಿಡಿಭಾಗಗಳ ಪಟ್ಟಿ ಮುಂದಿಟ್ಟುಕೊಂಡು ಬ್ರೇಕು, ಸ್ಟಿಯರಿಂಗ್, ಇಂಧನ, ವೈರಿಂಗ್, ಒಳಾಂಗಣ ಎಂದು ವಿಂಗಡಿಸಬೇಕು. ಆ ಪಟ್ಟಿಯಲ್ಲಿ ಪ್ರತಿಯೊಂದು ಜೋಡಣೆಯನ್ನೂ ಬಿಡಿಸಿ ತೋರಿಸುವ ಚಿತ್ರಗಳಿರುತ್ತವೆ. ಬಿಚ್ಚಿದವರ ನೆನಪಿಗೆ ಬದಲಿಯಾಗಿ ನಮಗೆ ಸಿಗುವ ದೊಡ್ಡ ಆಸರೆ ಅದು. ಇದೆ, ಇದೆ ಆದರೆ ಅನುಮಾನ, ಇಲ್ಲ ಎಂಬ ಮೂರು ಗುಂಪು ಮಾಡಿದರೆ ಮುಂದಿನ ಖರ್ಚಿನ ಚಿತ್ರ ಮೊದಲ ಬಾರಿಗೆ ಸ್ಪಷ್ಟವಾಗುತ್ತದೆ. ಎಂಜಿಬಿಯಲ್ಲಿ ಕಳೆದುಹೋದದ್ದನ್ನು ಕೊಳ್ಳಬಹುದು. ಕೆಲವೇ ನೂರು ತಯಾರಾದ ಕಾರಿನಲ್ಲಿ ಒಂದು ಕಿಟಕಿಯ ಚೌಕಟ್ಟು ಇಲ್ಲವಾದರೆ ಅದನ್ನು ಕೈಯಿಂದಲೇ ಮಾಡಿಸಬೇಕು. ಆದ್ದರಿಂದ ಈ ಲೆಕ್ಕ ಹಣ ಕೊಡುವುದಕ್ಕೆ ಮೊದಲೇ ಆಗಬೇಕು.

ಹಳೆಯ ಸಾಮಾನನ್ನು ಎಸೆಯಬಾರದು. ಹೊಸದಾಗಿ ತಯಾರಾಗುವ ರಬ್ಬರ್, ರೋಟರ್, ಕಂಡೆನ್ಸರ್‌ಗಳ ಗುಣಮಟ್ಟ ಒಂದೇ ತೆರನಾಗಿರುವುದಿಲ್ಲ. ಸವೆದ ಮೂಲಭಾಗವೇ ಹೊಸದನ್ನು ಅಳೆಯುವ ಮಾದರಿ.

ಬೋಲ್ಟುಗಳ ಬಗ್ಗೆ ಪ್ರತ್ಯೇಕ ಎಚ್ಚರ ಬೇಕು. ಎಂಜಿಬಿಯ ಬೋಲ್ಟುಗಳು ಇಂಚಿನ ಲೆಕ್ಕದವು. ಅದರಲ್ಲಿ ಧಾರಾಳವಾಗಿ ಬಳಕೆಯಾಗುವ ಇಂಚಿನ ಹದಿನಾರನೇ ಐದು ಅಳತೆಯ ಬೋಲ್ಟಿನ ವ್ಯಾಸ 7.94 ಮಿಲಿಮೀಟರ್. ಅಂಗಡಿಯಲ್ಲಿ ಸಿಗುವ 8 ಮಿಲಿಮೀಟರ್ ಬೋಲ್ಟು ಕಣ್ಣಿಗೆ ಅದರಂತೆಯೇ ಕಾಣುತ್ತದೆ. ಆದರೆ ಮರೆಗಳ ಅಂತರ ಬೇರೆ. ಮೊದಲ ಒಂದೆರಡು ಸುತ್ತು ಹೋಗಿ ಬಿಗಿಯುತ್ತದೆ. ಬಲ ಹಾಕಿದರೆ ಮರೆ ಹಾಳಾಗುತ್ತದೆ. ಹಿಂದಿನವರು ಹೀಗೆ ಬಲ ಹಾಕಿದ್ದಾರೆಯೇ ಎಂದು ಮರೆಯ ಗೇಜಿನಿಂದ ನೋಡಿಯೇ ಮುಂದುವರಿಯಬೇಕು. ಬ್ರೇಕ್ ಮತ್ತು ಸಸ್ಪೆನ್ಶನ್ನಿನ ಬೋಲ್ಟುಗಳನ್ನು ಹೊಸದಾಗಿ ತರುವುದೇ ಉತ್ತಮ.

ಕೂಡಿಸಿಟ್ಟ ಇಂಜಿನ್

ಮಾರುವವರು ಇಂಜಿನ್ ಕೆಲಸ ಪೂರ್ತಿ ಆಗಿದೆ ಎನ್ನುತ್ತಾರೆ. ಹತ್ತು ವರ್ಷದ ಹಿಂದೆ ಕೂಡಿಸಿ ಒಮ್ಮೆಯೂ ಓಡಿಸದ ಇಂಜಿನ್ ಹೊಸ ಇಂಜಿನ್ ಅಲ್ಲ. ಕೂಡಿಸುವಾಗ ಸವರಿದ ಎಣ್ಣೆ ಅಷ್ಟರಲ್ಲಿ ಇಳಿದುಹೋಗಿರುತ್ತದೆ, ತೆರೆದ ವಾಲ್ವಿನ ಮೂಲಕ ತೇವಾಂಶ ಸಿಲಿಂಡರಿಗೆ ಹೋಗಿರುತ್ತದೆ. ಬ್ಯಾಟರಿ ಜೋಡಿಸಿ ಸೆಲ್ಫ್ ಹೊಡೆಯುವ ಆಸೆಯನ್ನು ತಡೆಯಬೇಕು. ಪ್ಲಗ್ಗುಗಳನ್ನು ತೆಗೆದು ಸಿಲಿಂಡರಿಗೆ ಎಣ್ಣೆ ಬಿಟ್ಟು, ಕೈಯಿಂದ ತಿರುಗಿಸಿ ನೋಡಬೇಕು. ಎಣ್ಣೆಯ ಸಂಪ್ ಬಿಚ್ಚಿ ಒಂದೆರಡು ಬೇರಿಂಗ್ ಕ್ಯಾಪ್ ತೆಗೆದರೆ ಹಿಂದಿನವರ ಕೈ ಎಂಥದ್ದೆಂದು ತಿಳಿಯುತ್ತದೆ. ಬೇರಿಂಗ್ ಶೆಲ್ಲಿನ ಬೆನ್ನಿಗೆ ಅಚ್ಚಾದ ಅಳತೆ ಲೇತ್ ಅಂಗಡಿಯ ರಸೀದಿಗೆ ತಾಳೆಯಾಗಬೇಕು.

ಇಲ್ಲೊಂದು ನಿಯಮ ಇಡೀ ಕೆಲಸಕ್ಕೆ ಅನ್ವಯಿಸುತ್ತದೆ: ಇಂದು ಕೈಗೆ ಸಿಗುವುದು ನಾಳೆ ಸಿಗದಿದ್ದರೆ ಇಂದೇ ನೋಡಬೇಕು. ಎಂಜಿಬಿಯ ಕ್ಲಚ್ಚನ್ನು ಒತ್ತುವುದು ಕಾರ್ಬನ್ನಿನ ಒಂದು ಬಳೆ. ಅದನ್ನು ಬದಲಿಸಲು ಇಂಜಿನ್ನನ್ನೇ ಹೊರತೆಗೆಯಬೇಕು. ಇಂಜಿನ್ ನೆಲದ ಮೇಲಿರುವಾಗ ಕ್ಲಚ್ ಬದಲಿಸುವುದು ಅರ್ಧ ದಿನದ ಕೆಲಸ. ಕಾರಿನೊಳಗೆ ಕೂತ ಮೇಲೆ ಇಡೀ ಮುಂಭಾಗ ಬಿಚ್ಚುವ ಕೆಲಸ.

ಇಂಜಿನ್ ಮೊದಲ ಸಲ ಉರಿಯುವುದಕ್ಕೆ ಮುಂಚೆ ಪ್ಲಗ್ಗಿಲ್ಲದೆ ಸೆಲ್ಫಿನಲ್ಲಿ ತಿರುಗಿಸಿ ಎಣ್ಣೆಯ ಒತ್ತಡ ಮೀಟರಿನಲ್ಲಿ ಏರುವುದನ್ನು ಕಾಣಬೇಕು. ಕ್ಯಾಮ್‌ಶಾಫ್ಟ್ ಹೊಸದಾಗಿದ್ದರೆ ಮೊದಲ ಇಪ್ಪತ್ತು ನಿಮಿಷ ಇಂಜಿನ್ನನ್ನು ಐಡಲಿಗೆ ಇಳಿಯಗೊಡದೆ ನಿಮಿಷಕ್ಕೆ 2000 ಸುತ್ತಿನ ಮೇಲೆಯೇ ಇಟ್ಟುಕೊಳ್ಳಬೇಕು. ಕ್ಯಾಮಿನ ಉಬ್ಬು ಮತ್ತು ಟ್ಯಾಪೆಟ್ಟಿನ ಮುಖ ಒಂದಕ್ಕೊಂದು ಹೊಂದಿಕೊಳ್ಳುವುದು ಆ ಹೊತ್ತಿನಲ್ಲೇ. ಆದ್ದರಿಂದ ಕಾರ್ಬೊರೇಟರಿನ ಹಳೆಯ ಪೆಟ್ರೋಲಿನ ಅಂಟು, ಟ್ಯಾಂಕಿನ ತುಕ್ಕು, ರೇಡಿಯೇಟರ್ ಸೋರಿಕೆ ಎಲ್ಲವನ್ನೂ ಮೊದಲೇ ಮುಗಿಸಿರಬೇಕು, ನಡುವೆ ನಿಲ್ಲಿಸುವಂತಾಗಬಾರದು. ಇಂದಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ: ಬ್ರಿಟನ್ನಿನಲ್ಲಿ 2021ರಿಂದ ಶೇ 10ರವರೆಗೆ, ನಮ್ಮಲ್ಲಿ ಈಗ ಶೇ 20. ಹಳೆಯ ರಬ್ಬರ್ ಪೈಪುಗಳನ್ನು ಅದು ಮೆತ್ತಗಾಗಿಸಿ ಬಿರುಕು ಬಿಡಿಸುತ್ತದೆ. ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲ್ ಸೋರುವ ಅಪಾಯ ಸಣ್ಣದಲ್ಲ. ಎಥನಾಲ್ ತಡೆಯುವ ಹೊಸ ಪೈಪುಗಳು ಕಡ್ಡಾಯ.

ಬಣ್ಣಗಳ ಭಾಷೆ

ಬಿಚ್ಚಿದ ಕಾರುಗಳಲ್ಲಿ ಜನ ಹೆಚ್ಚು ಹೆದರುವುದು ವೈರಿಂಗಿಗೆ. ನಿಜಕ್ಕೂ ಹಿಂದಿನವರ ನೆನಪಿನ ಅಗತ್ಯ ಅತ್ಯಂತ ಕಡಿಮೆ ಇರುವುದು ಇಲ್ಲಿಯೇ, ಏಕೆಂದರೆ ಲೂಕಾಸ್ ಕಂಪನಿಯ ವೈರುಗಳು ತಮ್ಮ ಕಥೆಯನ್ನು ಬಣ್ಣದಲ್ಲಿ ಹೇಳುತ್ತವೆ. ಕಂದು ಎಂದರೆ ಬ್ಯಾಟರಿಯಿಂದ ಫ್ಯೂಸಿಲ್ಲದೆ ಸದಾ ಹರಿಯುವ ವಿದ್ಯುತ್ತು. ಬಿಳಿ ಎಂದರೆ ಇಗ್ನಿಷನ್ ಕೀಲಿ ತಿರುಗಿಸಿದ ಮೇಲೆ ಬರುವುದು. ಹಸಿರು, ಅದೇ ವಿದ್ಯುತ್ತು ಫ್ಯೂಸ್ ದಾಟಿದ ನಂತರ. ನೇರಳೆ, ಕೀಲಿಯ ಹಂಗಿಲ್ಲದೆ ಫ್ಯೂಸಿನ ಮೂಲಕ ಬರುವುದು. ನೀಲಿ ಹೆಡ್‌ಲೈಟಿಗೆ, ಕೆಂಪು ಸಣ್ಣ ದೀಪಗಳಿಗೆ, ಕಪ್ಪು ಅರ್ಥಿಗೆ. ಮೂಲ ಬಣ್ಣದ ಮೇಲೆ ಎಳೆದ ತೆಳು ಗೆರೆ ಆ ವೈರು ಯಾವ ಸಾಧನಕ್ಕೆ ಹೋಗುತ್ತದೆಂದು ಹೇಳುತ್ತದೆ. ಒಂದು ಮಲ್ಟಿಮೀಟರ್, ಒಂದು ನಕ್ಷೆ, ಸಮಾಧಾನ ಇಷ್ಟಿದ್ದರೆ ತುಂಡಾದ ವೈರಿನ ಗಂಟಿನಿಂದಲೂ ಇಡೀ ವ್ಯವಸ್ಥೆಯನ್ನು ಎತ್ತಿ ನಿಲ್ಲಿಸಬಹುದು. ಎಚ್ಚರ ಬೇಕಾದದ್ದು ಈ ಬಣ್ಣಗಳಲ್ಲಿ ಸೇರದ ವೈರುಗಳ ಬಗ್ಗೆ. ಅವು ನಡುವೆ ಯಾರೋ ಸೇರಿಸಿದವು. ಪ್ರತಿಯೊಂದನ್ನೂ ಹುಟ್ಟಿನಿಂದ ಕೊನೆಯವರೆಗೆ ಹಿಂಬಾಲಿಸಬೇಕು.

ಯಾರ ಕಾರು?

ಇಷ್ಟೆಲ್ಲ ಮಾಡಿದ ಮೇಲೆ ಏಳುವ ಪ್ರಶ್ನೆ ಹಕ್ಕಿನದು. ಹಿಂದಿನವರು ಆರಿಸಿದ ಬಣ್ಣ ನಮಗೆ ಹಿಡಿಸದಿದ್ದರೆ? ಅವರು ಮೂಲಕ್ಕಿಂತ ಬೇರೆಯಾದ, ಆದರೆ ಚೊಕ್ಕವಾದ ಕೆಲಸ ಮಾಡಿದ್ದರೆ?

ಕನ್ನಡ ಕಾವ್ಯದಲ್ಲಿ ಇದಕ್ಕೊಂದು ದೊಡ್ಡ ಮಾದರಿ ಇದೆ. ಕುಮಾರವ್ಯಾಸನ ಭಾರತ ಹತ್ತು ಪರ್ವಗಳಿಗೆ ನಿಂತಿತು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ಅವನು ಹತ್ತನೆಯದಾದ ಗದಾಪರ್ವವನ್ನು ತಿದ್ದಲು ಹೋಗಲಿಲ್ಲ. ಅದೇ ಭಾಮಿನಿ ಷಟ್ಪದಿ ಹಿಡಿದು, ನಿಂತ ಕಡೆಯಿಂದ ಕಥೆ ಮುಂದುವರಿಸಿದ. ಕುಮಾರವ್ಯಾಸನ ಎತ್ತರಕ್ಕೆ ಅವನನ್ನು ಯಾರೂ ಏರಿಸುವುದಿಲ್ಲ. ಆದರೆ ಭಾಮಿನಿಯಲ್ಲಿ ಭಾರತದ ಕಥೆ ಕೊನೆ ಮುಟ್ಟಿದ್ದು ಅವನಿಂದ. ಮುಗಿಸುವವರು ಕಲಿಯಬೇಕಾದ ವಿನಯ ಇದು: ಛಂದಸ್ಸು ಆರಂಭಿಸಿದವರದು.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಐವಿಎ ಅಂಗೀಕರಿಸಿದ ಟ್ಯೂರಿನ್ ಸನ್ನದು ಕೂಡ ಇದೇ ದಿಕ್ಕಿನಲ್ಲಿ ಮಾತಾಡುತ್ತದೆ. ಸ್ಮಾರಕಗಳ ಸಂರಕ್ಷಣೆಗಾಗಿ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದಿನ ಪ್ರೇರಣೆ ಅದಕ್ಕಿದೆ. ವಾಹನದ ಮೇಲೆ ಕಾಲ ಬಿಟ್ಟುಹೋದ ಗುರುತುಗಳನ್ನು ಗೌರವಿಸಿ, ಮಾಡಿದ ಬದಲಾವಣೆಯನ್ನು ದಾಖಲಿಸಿ ಎಂಬುದು ಅದರ ತಿರುಳು. ಕಾರ್ಖಾನೆಗಳಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. 1963ರಲ್ಲಿ ಹಗುರ ಇ-ಟೈಪ್ ರೇಸ್ ಕಾರುಗಳಿಗೆ ಜಾಗ್ವಾರ್ ಹದಿನೆಂಟು ಚಾಸಿ ಸಂಖ್ಯೆಗಳನ್ನು ಮೀಸಲಿಟ್ಟಿತ್ತು. ಆಗ ಆದದ್ದು ಹನ್ನೆರಡು. ಉಳಿದ ಆರನ್ನು ಕಂಪನಿ ಕೈಗೆತ್ತಿಕೊಂಡದ್ದು 2014ರಲ್ಲಿ, ಹಿಂದಿನವರ ಅಳತೆಗಳನ್ನೇ ಅನುಸರಿಸಿ.

ನಮ್ಮ ಗ್ಯಾರೇಜುಗಳ ಪಾಲು

ಕನ್ನಡ ನಾಡಿಗೂ ಈ ಕಾರಿಗೂ ಒಂದು ನಿಜವಾದ ನಂಟಿದೆ. ಎಂಜಿಬಿಯ ಇಂಜಿನ್ ಬಿಎಂಸಿ ಕಂಪನಿಯ ಬಿ-ಸೀರೀಸ್ ಮನೆತನದ್ದು. ಹಿಂದೂಸ್ತಾನ್ ಅಂಬಾಸಿಡರನ್ನು ದಶಕಗಳ ಕಾಲ ಎಳೆದ 1489 ಸಿಸಿ ಇಂಜಿನ್ನೂ ಅದೇ ಮನೆತನದ್ದು. ಅಂಬಾಸಿಡರ್ ಟ್ಯಾಕ್ಸಿಗಳ ವಾಲ್ವ್ ಸದ್ದು ಕೇಳಿಯೇ ಗ್ಯಾಪ್ ಎಷ್ಟೆಂದು ಹೇಳುತ್ತಿದ್ದ ಹಳೆಯ ಮೆಕ್ಯಾನಿಕ್ಕುಗಳಿಗೆ ಎಂಜಿಬಿಯ ಬಾನೆಟ್ ಎತ್ತಿದರೆ ಪರಿಚಿತ ಮುಖವೇ ಕಾಣುತ್ತದೆ. ಆ ಕಿವಿ, ಆ ಕೈ ಇನ್ನೂ ನಮ್ಮ ನಡುವೆ ಇರುವಾಗಲೇ ಅವರ ಪಕ್ಕ ನಿಂತು ಕಲಿಯಬೇಕು. ಯಾವ ಕೈಪಿಡಿಯಲ್ಲೂ ಆ ಜ್ಞಾನ ಪೂರ್ತಿಯಾಗಿಲ್ಲ.

ಕಾನೂನು ಕೂಡ ಮೂಲರೂಪಕ್ಕೆ ಬೆಲೆ ಕೊಡುತ್ತದೆ. 2021ರ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯಂತೆ, ಐವತ್ತು ವರ್ಷ ದಾಟಿದ, ಚಾಸಿ, ಬಾಡಿ, ಇಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಾಗದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಅದಕ್ಕೆ ವಿಎ ಅಕ್ಷರಗಳ ನಂಬರ್ ಪ್ಲೇಟು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ದಿನಬಳಕೆಗೆ ಅವಕಾಶವಿಲ್ಲ, ರ‍್ಯಾಲಿ, ಪ್ರದರ್ಶನ, ದುರಸ್ತಿಯಂಥ ಕಾರಣಗಳಿಗೆ ರಸ್ತೆಗಿಳಿಸಬಹುದು. ಅರ್ಧಕ್ಕೆ ನಿಂತ ಕಾರು ಕೊಳ್ಳುವವರು ಡಬ್ಬದ ಸಾಮಾನಿಗಿಂತ ಮೊದಲು ಆರ್‌ಸಿ ಪುಸ್ತಕ ನೋಡಬೇಕಾದದ್ದು ಇದಕ್ಕೇ.

ಮುಗಿಯುವುದೆಂದರೆ

ಮುಗಿಸಬಯಸುವವರು ಸೌಂದರ್ಯವನ್ನು ಕೊನೆಗಿಡಬೇಕು. ಮೊದಲು ನಿಲ್ಲುವ ಶಕ್ತಿ: ಹೊಸ ಬ್ರೇಕ್ ಪೈಪು, ಹೊಸ ಸೀಲು, ಹೊಸ ಎಣ್ಣೆ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಸಿಲಿಂಡರುಗಳು ಒಳಗಿನಿಂದ ತುಕ್ಕು ಹಿಡಿದಿರುತ್ತವೆ. ಆಮೇಲೆ ತಿರುಗುವ ಶಕ್ತಿ, ನಂತರ ಓಡುವ ಶಕ್ತಿ. ಸೀಟು, ಕಾರ್ಪೆಟ್, ಕ್ರೋಮಿಯಂ ಕೊನೆಗೆ. ತನ್ನ ಕಾಲ ಮೇಲೆ ಅಂಗಳ ದಾಟಿದ ಕಾರು ಮತ್ತೆ ಡಬ್ಬಕ್ಕೆ ಹೋಗುವುದು ಅಪರೂಪ. ಮೊದಲ ಕೆಲವು ನೂರು ಕಿಲೋಮೀಟರ್ ಆದ ಮೇಲೆ ವಾಲ್ವ್ ಗ್ಯಾಪನ್ನೂ ಸಸ್ಪೆನ್ಶನ್ ಬೋಲ್ಟುಗಳನ್ನೂ ಮತ್ತೆ ನೋಡಬೇಕು. ಓಡಿದಾಗ ಮಾತ್ರ ಕಾಣುವ ತಪ್ಪುಗಳನ್ನು ಹುಡುಕುವುದೂ ಮುಗಿಸುವಿಕೆಯ ಭಾಗವೇ.

ಕೊನೆಯ ಕೆಲಸ ಬರವಣಿಗೆಯದು. ಯಾವ ತಗಡು ಬದಲಾಯಿತು, ಬೇರಿಂಗಿನ ಅಳತೆ ಎಷ್ಟು, ಯಾವ ವೈರು ಹೊಸದು, ಯಾವ ಭಾಗ ಮೂಲದ್ದು, ಯಾವುದನ್ನು ಅನುಮಾನವಿಟ್ಟುಕೊಂಡೇ ಬಿಡಲಾಯಿತು ಎಂಬುದೆಲ್ಲ ಚಿತ್ರ ಸಹಿತ ಒಂದು ಪುಸ್ತಕದಲ್ಲಿರಬೇಕು, ಆ ಪುಸ್ತಕ ಕಾರಿನ ಜೊತೆಗೇ ಇರಬೇಕು. ಹಿಂದಿನವರು ಬರೆದಿಡದ್ದರಿಂದ ಎಷ್ಟು ದುಡಿಯಬೇಕಾಯಿತೆಂದು ಬಲ್ಲವರಿಗೆ ಈ ಹೊಣೆ ಇನ್ನೂ ದೊಡ್ಡದು. ಐವತ್ತು, ಅರವತ್ತು ವರ್ಷ ಬಾಳಿದ ಕಾರು ನಮ್ಮ ಕೈಯಲ್ಲೂ ಕೊನೆಯಾಗುವುದಿಲ್ಲ. ಮುಂದೆ ಅದನ್ನು ಬಿಚ್ಚುವವರಿಗೆ ನಮ್ಮ ನೆನಪು ಕಾಗದದ ಮೇಲಾದರೂ ಸಿಕ್ಕರೆ, ಆಗ ಈ ಕೆಲಸ ಮುಗಿಯಿತು ಎನ್ನಬಹುದು.